ಬೆಳಗಿನ ಏಳು ದಶಾಂಶ ಒಂಬತ್ತು

ನಮ್ಮ ಮೇಲ್ಮಹಡಿಯ ಬಾಡಿಗೆದಾರರನ್ನು ಬೀದಿಯವರೆಲ್ಲ ‘ಹವಳದ ಮೇಷ್ಟ್ರು’ ಎನ್ನುತ್ತಾರೆ. ಹಜಾರದಲ್ಲಿ ಹವಳ ಸಾಕಿರುವ ಉಪ್ಪುನೀರಿನ ಗಾಜಿನ ತೊಟ್ಟಿಯ ಪಿಎಚ್ ಅನ್ನು ಅವರು ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಅಳೆದು, ತಾರೀಖು ಸಹಿತ ಬರೆದಿಡುತ್ತಾರೆ. ದೀಪವಿದ್ದಾಗ ಪಾಚಿ ಇಂಗಾಲಾಮ್ಲವನ್ನು ಹೀರಿ ಅಂಕಿ ಏರುತ್ತದೆ, ಕತ್ತಲಲ್ಲಿ ಎಲ್ಲವೂ ಉಸಿರು ಬಿಟ್ಟು ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ ಎಂಬುದನ್ನು ಹಾಲಿನವನಿಗೂ ಬಾಯಿಪಾಠ ಮಾಡಿಸಿದ್ದಾರೆ. ಮುಚ್ಚಿದ ಮನೆಯಲ್ಲಿ ಮನುಷ್ಯರ ಉಸಿರೂ ಅಂಕಿಯನ್ನು ಇಳಿಸುವುದರಿಂದ, ನೆಂಟರು ಬಂದರೆ ಕುರ್ಚಿ ಎಳೆಯುವ ಮೊದಲು ಕಿಟಕಿ ತೆರೆಯುತ್ತಾರೆ. ಮಾರ್ಚ್ ಮೂರರ ಬೆಳಿಗ್ಗೆ ಏಳು ದಶಾಂಶ ಒಂಬತ್ತು ಕಂಡು ಹೆಂಡತಿಗೆ, “ನಾಲ್ಕು ದಿನ ತಂಗಿ ಮನೇಲಿದ್ದು ಬಾರೇ, ಅಂಕಿ ಏನಾಗುತ್ತೆ ನೋಡೋಣ” ಎಂದರು. “ನನ್ನ ಉಸಿರೂ ನಿಮಗೆ ಭಾರ ಆಯ್ತಾ? ಹೋಗ್ತೀನಿ, ಕರೆಯೋಕೆ ಮಾತ್ರ ಬರಬೇಡಿ!” ಎಂದು ಆಕೆ ಅಂದೇ ಹೊರಟರು. ಮರುದಿನದಿಂದ ಹನ್ನೊಂದು ಬೆಳಗೂ ಎಂಟು ದಶಾಂಶ ಒಂದು; ಆರು ವರ್ಷದಿಂದ ಮೇಷ್ಟ್ರು ಬಯಸಿದ್ದ ಅಂಕಿ. ಅದನ್ನು ಅವರು ಹಾಲಿನವನಿಗೂ ಹೇಳಲಿಲ್ಲ. ಹದಿನೈದರ ಬೆಳಿಗ್ಗೆ ನಾನು ಅವರ ಪುಸ್ತಕ ನೋಡಿದಾಗ ಹಿಂದಿನ ಸಂಜೆಯ ಸಾಲು ಖಾಲಿಯಿತ್ತು. ಅದರ ಕೆಳಗೆ ಮತ್ತೆ ಏಳು ದಶಾಂಶ ಒಂಬತ್ತು. “ಅಯ್ಯೋ, ಇಳಿದುಬಿಡ್ತಲ್ಲ ಮೇಷ್ಟ್ರೇ!” ಎಂದೆ. “ಮೆಲ್ಲಗೆ ಮಾತಾಡಿ, ಒಳಗೆ ಮಲಗಿದ್ದಾಳೆ” ಎಂದು ಅವರು ಬೀದಿಯ ಕಡೆಯ ಕಿಟಕಿಯನ್ನು ಸದ್ದಾಗದಂತೆ ಮುಚ್ಚಿದರು.