ಅಂಕಮ್ಮನ ಎಣ್ಣೆ, ಎಲೆ ಚಿತ್ರದ ಡೈಪರ್

ಗಂಡಸಿ ಊರಿನಲ್ಲಿ ಅಂಕಮ್ಮ ಎರೆದ ಕೂಸುಗಳಿಗೆ ಲೆಕ್ಕವಿಲ್ಲ. ಮೂವತ್ತು ವರ್ಷ ಬಚ್ಚಲಿನಲ್ಲಿ ಕಾಲು ನೀಡಿ ಕೂತು, ಹಸುಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ ಬಿಸಿನೀರು ಹೊಯ್ದ ಕೈ ಅದು. ಅಂಥ ಕೈಗೆ 2008ರ ಕಾರ್ತಿಕದಲ್ಲಿ ಅಪವಾದ ಬಂತು. ಅದೂ ಯಾರಿಂದ? ಶಿವಯ್ಯ ಮೇಷ್ಟರ ಹೆಂಡತಿ ಸುಮಿತ್ರಮ್ಮನಿಂದ. ಅವರ ಮಗಳು ಮಂಜುಶ್ರೀಗೂ ಹುಟ್ಟಿದಾಗ ಎರೆದವಳು ಇದೇ ಅಂಕಮ್ಮ!

ಮಂಜುಶ್ರೀ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಳಿಯ ಬೆಂಗಳೂರಿನಿಂದ ಡೈಪರ್ ತರಿಸಿದ್ದ. ಪೊಟ್ಟಣದ ಮೇಲೆ ಹಸಿರೆಲೆಯ ಚಿತ್ರ, ಬೆಲೆ ಮಾಮೂಲಿಯದರ ಎರಡರಷ್ಟು.

"ನ್ಯಾಚುರಲ್ ಕಣೇ ಅಂಕಮ್ಮ. ಕೆಮಿಕಲ್ ಇಲ್ಲ, ಹೂತರೆ ಮಣ್ಣಾಗುತ್ತಂತೆ," ಎಂದು ಸುಮಿತ್ರಮ್ಮ ಬೀಗಿದರು. ಅಂಕಮ್ಮ ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ ಹರಿದು ತಂದಿದ್ದಳು. ಅದನ್ನು ನೆಲ ಒರೆಸಲು ಇಟ್ಟುಕೊಂಡರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಡೈಪರ್ ಕಟ್ಟಲು ಶುರುಮಾಡಿದ ಇಪ್ಪತ್ತನೇ ದಿನಕ್ಕೆ ಕೂಸಿನ ತೊಡೆಸಂದು ಕೆಂಪಗೆ ಕಿತ್ತುಬಂತು.

"ನಿನ್ನ ಎಣ್ಣೆಯಲ್ಲೇ ಏನೋ ಬೆರಕೆ ಇದೆ. ನಾಳೆಯಿಂದ ಬರಬೇಡ," ಎಂದರು ಸುಮಿತ್ರಮ್ಮ.

"ನಮ್ ಹಿತ್ಲ ಹರಳು, ನಾನೇ ಹುರಿದು ಕುಟ್ಟಿ ಕಾಯಿಸಿದ್ದು ಕಣ್ರವ್ವಾ! ಅದೇನೋ ಕಟ್ತೀರಲ್ಲ, ದಿನಕ್ಕೆ ಎಷ್ಟು ಸಲ ಬದಲಾಯಿಸ್ತೀರ, ಮೊದ್ಲು ಯೋಳಿ."

"ಒದ್ದೆ ಆದಾಗೆಲ್ಲ ಬದಲಾಯಿಸ್ತೀವಿ. ನಮಗೇ ಹೇಳಿಕೊಡಬೇಡ."

ಅರಸೀಕೆರೆಯ ಡಾಕ್ಟರು ಎಣ್ಣೆ, ಡೈಪರ್ ಎರಡನ್ನೂ ನಿಲ್ಲಿಸಿದರು. ಕೂಸು ಗುಣವಾಯಿತು. ಸುಮಿತ್ರಮ್ಮ ಹೇಳಿಕೊಂಡು ಬಂದ ಹಾಗೆ ಊರು ನಂಬಿದ್ದು ಮಾತ್ರ ಎಣ್ಣೆ ಬಿಟ್ಟಿದ್ದಕ್ಕೇ ಗುಣವಾಯಿತೆಂದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೂಸಿಗೆ ಎರೆಯಲು ಬಾ ಎಂದು ಹಾರನಹಳ್ಳಿಯಿಂದ ಹೇಳಿಕಳಿಸಿದ್ದವರು ಬೇಡವೆಂದರು. ಎದುರು ಮನೆಯ ಬಸುರಿಯೂ ಬೇರೆಯವಳನ್ನು ಗೊತ್ತುಮಾಡಿಕೊಂಡಳು. ಅಂಕಮ್ಮ ಎಣ್ಣೆ ಬಟ್ಟಲು ಬೋರಲು ಹಾಕಿ, ಗಂಡ ಹುಚ್ಚಣ್ಣನ ಜೊತೆ ಕೂಲಿಗೆ ಹೊರಟಳು.

ಯುಗಾದಿ ಕಳೆದ ಮೇಲೆ ಮೇಷ್ಟರು ಹಿತ್ತಲ ತೆಂಗಿಗೆ ಗೊಬ್ಬರ ಕೊಡಿಸಲು ಹುಚ್ಚಣ್ಣನನ್ನೇ ಕರೆದರು. ಅಂಕಮ್ಮ ಹಲ್ಲು ಕಚ್ಚಿಕೊಂಡು ಗೊಬ್ಬರದ ಮಂಕರಿ ಹೊತ್ತು ಹೋದಳು. ಬುಡ ಬಿಡಿಸುವಾಗ ಗುದ್ದಲಿಗೆ ಬೆಳ್ಳಗಿನದೇನೋ ಸಿಕ್ಕಿಬಂತು. ಒಂದು, ಇನ್ನೊಂದು, ಮತ್ತೊಂದು. ಡೈಪರುಗಳು! ಸುತ್ತಿ ಅಂಟಿಸಿದ್ದು ಸುತ್ತಿದ ಹಾಗೇ ಇತ್ತು.

"ಎಲ್ಲಾನೂ ಇಲ್ಲೇ ಹೂತಿದ್ರಾ ಮೇಷ್ಟ್ರೇ?"

"ಒಂದನ್ನೂ ಆಚೆ ಎಸೆದಿಲ್ಲ. ತೆಂಗಿಗೆ ಗೊಬ್ಬರ ಆಗುತ್ತಲ್ಲ ಅಂತ," ಎಂದರು ಆ ಪುಣ್ಯಾತ್ಮ.

ಅಂಕಮ್ಮ ಅಷ್ಟನ್ನೂ ಮಂಕರಿಗೆ ತುಂಬಿ, ಬೀದಿಯ ಕಡೆಯ ಜಗಲಿಗೆ ಹೊತ್ತು ತಂದು ಎಣಿಸಿ ಸಾಲಾಗಿ ಇಟ್ಟಳು. ಸದ್ದಿಗೆ ಸುಮಿತ್ರಮ್ಮ ಹೊರಗೆ ಬಂದರು.

"ಇಪ್ಪತ್ತು ದಿನಕ್ಕೆ ಇಪ್ಪತ್ತೊಂದು. ಒದ್ದೆ ಆದಾಗೆಲ್ಲ ಬದಲಾಯಿಸಿದ್ರಿ, ಅಲ್ವಾ?"

ಸುಮಿತ್ರಮ್ಮ ಬೀದಿಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಒಂದೊಂದಕ್ಕೂ ಅಷ್ಟು ದುಡ್ಡು ಕಣೇ... ನ್ಯಾಚುರಲ್ ಅಲ್ವಾ, ದಿನವೆಲ್ಲ ಇದ್ದರೆ ಏನಾಗುತ್ತೆ ಅಂದುಕೊಂಡೆ."

"ದುಬಾರಿ ಅಂತ ಕೂಸ್ನ ಉಚ್ಚೇಲಿ ನೆನೆಹಾಕಿದ್ರಿ! ನನ್ ಹಳೇ ಪಂಚೆ ಆಗಿದ್ರೆ ಗಳಿಗೆಗೊಂದು ಸಲ ಬಿಚ್ಚಿ ಒಗೀತಿದ್ರಿ. ಕಾಸು ಕೊಟ್ಟಿದ್ದು ಎಲೆ ಚಿತ್ರಕ್ಕೆ, ಕೆಟ್ಟ ಹೆಸರು ನನ್ ಎಣ್ಣೆಗಾ?"

ಒಳಗೆ ಮಗು ಅತ್ತಿತು. ಅಂಕಮ್ಮನ ಕೈ ತಾನಾಗಿ ಸೆರಗಿಗೆ ಒರೆಸಿಕೊಂಡಿತು.

"ತಪ್ಪಾಯಿತು. ಬಾ, ಮಗುಗೆ ಎರೆದು ಹೋಗು," ಎಂದರು ಸುಮಿತ್ರಮ್ಮ ಮೆಲ್ಲಗೆ.

"ನನ್ ಎಣ್ಣೇಲಿ ಬೆರಕೆ ಐತೆ ಅಂತ ಊರಿಗೆಲ್ಲ ಯೋಳಿದ್ರಲ್ಲ, ಇದನ್ನೂ ಮನೆಮನೆಗೆ ಹೋಗಿ ಯೋಳಿ ಬನ್ನಿ. ಆಮೇಲೆ ಬತ್ತೀನಿ."

ಮಂಕರಿ ಎತ್ತಿಕೊಂಡು ಹೊರಟಳು. ಜಗಲಿಯ ಮೇಲಿನ ಸಾಲನ್ನು ಅವಳು ತೆಗೆಯಲಿಲ್ಲ.