ಕುರ್ಚಿ ತಿರುಗಿತು

ಕಿರ್‍ರ್... ಕಿರ್‍ರ್... ಕಿಚ್!

ಡ್ರೆಸ್ಸಿಂಗ್ ಟ್ರಾಲಿಯ ಮುಂದಿನ ಚಕ್ರದ ಸದ್ದು ಅದು. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಕೇಳಿಸಿತೆಂದರೆ ಬೆಂಚಿನ ಮೇಲಿದ್ದವರೆಲ್ಲ "ಚಕ್ರದಕ್ಕ ಬಂದ್ರು" ಎಂದು ಕಾಲು ಚಾಚುತ್ತಿದ್ದರು. ಅವಳಿಗೆ ಮಾತ್ರ, ಕಿರುಗುಟ್ಟುತ್ತಿರುವುದು ತನ್ನ ಸೊಂಟವೇ ಅನ್ನಿಸುತ್ತಿತ್ತು.

ಇಪ್ಪತ್ತಮೂರು ವರ್ಷ ತುರ್ತು ವಾರ್ಡಿನಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡಿದ ನರ್ಸು. ಸೊಂಟ ಕೈಕೊಟ್ಟ ಮೇಲೆ ಓಣಿಯ ತುದಿಯ ಗಾಯದ ಕೋಣೆಗೆ ಹಾಕಿದ್ದರು. ಅಲ್ಲಿ ಒಂದು ಕಿಟಕಿ, ಒಂದು ಸಿಂಕು, ಒಂದು ಕಾಲು ಗಿಡ್ಡವಾದ ಸ್ಟೂಲು. ಬಿಚ್ಚು, ತೊಳೆ, ಕಟ್ಟು. ಮರುದಿನ ಮತ್ತೆ ಬಿಚ್ಚು. ರೋಸಿಹೋಗಿ ರಾಜೀನಾಮೆ ಬರೆದು, ನಾಲ್ಕಾಗಿ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದಳು. ನಾದಿನಿ ತನ್ನ ಕಚೇರಿಯಲ್ಲೇ ಕೆಲಸ ನೋಡಿಟ್ಟಿದ್ದಳು. "ಎರಡು ತಿಂಗಳಲ್ಲಿ ಜಾಗ ಖಾಲಿಯಾಗುತ್ತೆ ಅತ್ತಿಗೆ. ಮೇಲೆ ಫ್ಯಾನು, ಕೆಳಗೆ ಕುರ್ಚಿ. ಇನ್ನೇನು ಬೇಕು?"

ಪತ್ರ ಜೇಬಿನಲ್ಲೇ ಉಳಿದದ್ದು ಒಂದು ಕಾಲಿನಿಂದಾಗಿ. ಅದು ಮಾರುಕಟ್ಟೆ ಬೀದಿಯ ಕ್ಷೌರಿಕನ ಎಡಗಾಲು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಸತ್ತಿತ್ತು. ಹೆಬ್ಬೆರಳ ಬುಡದ ಗಾಯ ಐದು ತಿಂಗಳಾದರೂ ಬಾಯಿ ಮುಚ್ಚಿರಲಿಲ್ಲ. ಪ್ರತಿ ಸೋಮವಾರ ಅವಳು ಗಾಯದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯಿಟ್ಟು ಅಂಚನ್ನು ಪೆನ್ನಿನಿಂದ ಗೆರೆ ಎಳೆದುಕೊಳ್ಳುತ್ತಿದ್ದಳು. ಎಂಟು ಹಾಳೆ ಒಂದರ ಮೇಲೊಂದಿಟ್ಟರೂ ಗೆರೆ ಒಂದೇ, ನಿಂಬೆಹೋಳಿನಷ್ಟು.

"ಇನ್ನಾರು ವಾರ ನೋಡ್ತೀನಿ. ಆಮೇಲೆ ಬೆರಳು ತೆಗೆಯೋದೇ" ಎಂದರು ದೊಡ್ಡ ಡಾಕ್ಟರು.

ಇದೂ ಸೋತರೆ ಅದೇ ದಿನ ಪತ್ರ ಕೊಟ್ಟುಬಿಡಬೇಕು ಎಂದುಕೊಂಡಳು ಅವಳು.

"ನಿಜ ಹೇಳಿ, ಈ ಕಾಲೂರಿ ನಡೀತಿದ್ದೀರಾ?" ಎಂದು ಕ್ಷೌರಿಕನನ್ನು ಕೇಳಿದಳು.

"ಇಲ್ಲ ಕಣಕ್ಕ. ಮಗಳು ಅಂಗಡಿ ಬಾಗಿಲಿಗೇ ಸ್ಕೂಟರಲ್ಲಿ ಬಿಡ್ತಾಳೆ. ನಿಮ್ಮಾಣೆಗೂ."

"ನನ್ನಾಣೆ ಬೇಡ, ನಿಮ್ಮ ಕತ್ತರಿ ಆಣೆ ಇಡಿ."

ಅವನು ಕಣ್ಣುಮುಚ್ಚಿ ಕತ್ತರಿಯ ಆಣೆ ಇಟ್ಟ. ಕತ್ತರಿಯ ಮೇಲೆ ಸುಳ್ಳಾಡುವ ಕ್ಷೌರಿಕನಿಲ್ಲ. ಹಾಗಾದರೆ ಗಾಯ ಯಾಕೆ ಕೂಡುತ್ತಿಲ್ಲ?

ಭಾನುವಾರ ಸೈಕಲ್ ರಿಪೇರಿ ಮಾಡುವ ಗಂಡನನ್ನು ಎಬ್ಬಿಸಿದಳು. "ನಡೀರಿ, ಕಟಿಂಗ್ ಮಾಡಿಸೋಣ."

"ನನ್ನ ತಲೇಲಿ ಕೂದಲೆಲ್ಲಿದೆಯೇ?"

"ಇರೋ ನಾಲ್ಕನ್ನೇ ಕತ್ತರಿಸ್ತಾರೆ, ಏಳಿ."

ಅಂಗಡಿಯ ಬೆಂಚಿನಲ್ಲಿ ಪೇಪರ್ ಮರೆಮಾಡಿಕೊಂಡು ಅವಳು ಕ್ಷೌರಿಕನ ಪಾದವನ್ನೇ ನೋಡುತ್ತಾ ಕೂತಳು. ಅವನು ನಡೆಯುತ್ತಿರಲಿಲ್ಲ, ಮಾತು ನಿಜ. ಆದರೆ ಎಡಗಾಲ ಹೆಬ್ಬೆರಳ ಬುಡವನ್ನು ನೆಲಕ್ಕೂರಿ, ಬುಗುರಿ ಮೊಳೆಯ ಮೇಲೆ ಸುತ್ತಿದ ಹಾಗೆ ಗಿರಾಕಿಯತ್ತ ತಿರುಗುತ್ತಿದ್ದ. ಕಿವಿಗೊಮ್ಮೆ, ಕತ್ತಿಗೊಮ್ಮೆ, ಕನ್ನಡಿಗೊಮ್ಮೆ. ಅವಳು ಎಣಿಸಿದಳು. ಪೇಪರ್ ಬದಿಗಿಟ್ಟು ಎದ್ದಳು.

"ನಲವತ್ತೊಂದು! ಅರ್ಧ ತಲೆಗೆ ನಲವತ್ತೊಂದು ಸಲ ಗಾಯದ ಮೇಲೆ ಗಿರಕಿ ಹೊಡೆದ್ರಿ. ಆ ಕುರ್ಚಿ ತಿರುಗಲ್ವಾ?"

ಅವನು ಕತ್ತರಿ ಎತ್ತಿ ಹಿಡಿದಂತೆಯೇ ನಿಂತ. "ಅಪ್ಪನ ಕಾಲದಲ್ಲಿ ತಿರುಗ್ತಿತ್ತಕ್ಕ. ತುಕ್ಕು ಹಿಡೀತು. ಅದಕ್ಕೇ ನಾನೇ ತಿರುಗ್ತೀನಿ."

ಗಂಡ ಅರ್ಧ ತಲೆಯ ಕಟಿಂಗಿನಲ್ಲೇ, ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಕುರ್ಚಿಯ ಬುಡಕ್ಕೆ ಮಂಡಿಯೂರಿದ. ಮನೆಯಿಂದ ಸ್ಪ್ಯಾನರು ಬಂತು, ಗ್ರೀಸು ಬಂತು. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಬೆಣ್ಣೆಯ ಮೇಲೆ ಕೂತಂತೆ ತಿರುಗಿತು. ಅಂದಿನಿಂದ ಕ್ಷೌರಿಕ ಎತ್ತರದ ಸ್ಟೂಲಿನಲ್ಲಿ ಕೂತು ಗಿರಾಕಿಗಳನ್ನು ತಿರುಗಿಸತೊಡಗಿದ. ಅವಳು ದಪ್ಪ ಮೆತ್ತೆಗೆ ಗಾಯದ ಅಳತೆಯ ತೂತು ಕತ್ತರಿಸಿ, ಗಾಯಕ್ಕೆ ಭಾರ ಬೀಳದಂತೆ ಪಾದಕ್ಕೆ ಕಟ್ಟಿದಳು.

ನಿಂಬೆಹೋಳು ಹುಣಸೆಬೀಜವಾಯಿತು. ಹುಣಸೆಬೀಜ ಕಡಲೆಯಾಯಿತು. ಸೋಮವಾರ ಯಾವಾಗ ಬರುತ್ತದೋ ಎಂದು ಅವಳು ಕಾಯತೊಡಗಿದಳು. ಸೊಂಟ ನೋಯುತ್ತಲೇ ಇತ್ತು. ಕೇಳುವವರಿರಲಿಲ್ಲ, ಅವಳೂ ಸೇರಿ.

ಆರನೆಯ ಸೋಮವಾರ ಡಾಕ್ಟರು ಖುದ್ದು ಬಂದರು. ಅವಳು ಹಾಳೆಯಿಟ್ಟು ಪೆನ್ನು ಹಿಡಿದಳು. ಪೆನ್ನು ಗಾಳಿಯಲ್ಲೇ ನಿಂತಿತು. ಎಳೆಯಲು ಗೆರೆಯೇ ಇರಲಿಲ್ಲ. ತುರ್ತು ವಾರ್ಡಿನಲ್ಲಿ ಎಷ್ಟೋ ರಕ್ತ ನಿಲ್ಲಿಸಿದ್ದಳು, ಆದರೆ ಚರ್ಮ ಕೂಡುವುದನ್ನು ನೋಡುವ ಮೊದಲೇ ರೋಗಿಗಳು ಬೇರೆ ವಾರ್ಡಿಗೆ ಹೋಗಿಬಿಡುತ್ತಿದ್ದರು. ಹಾಳೆಯ ಮೇಲೆ ತಾರೀಕು ಮಾತ್ರ ಬರೆದಳು.

ಕ್ಷೌರಿಕ ಚೀಲದಿಂದ ಅಂಗಡಿಯ ಕೈಗನ್ನಡಿ ತೆಗೆದುಕೊಟ್ಟ. ಮೂವತ್ತು ವರ್ಷ ಊರವರಿಗೆಲ್ಲ ಅವರವರ ಹಿಂದಲೆ ತೋರಿಸಿದವನು, ಅವಳು ಹಿಡಿದ ಕನ್ನಡಿಯಲ್ಲಿ ತನ್ನ ಅಂಗಾಲನ್ನು ನೋಡಿಕೊಂಡ. "ಸೈಡು ಸರಿಯಾಗಿದೆಯಾ?" ಎಂದಳು ಅವಳು. ಅವನು ನಗಲು ಹೋಗಿ ಅತ್ತುಬಿಟ್ಟ.

"ಯಾವ ಮುಲಾಮು ಹಾಕಿದ್ರಿ ಸಿಸ್ಟರ್?"

"ಗ್ರೀಸು, ಡಾಕ್ಟ್ರೇ."

ಕಥೆ ಕೇಳಿ ನಕ್ಕ ಡಾಕ್ಟರು ಬಾಗಿಲಲ್ಲಿ ತಿರುಗಿ ನಿಂತರು. "ಇಂಥವೇ ಇನ್ನೂ ಎರಡು ಕಾಲಿವೆ. ಕೆಳಗಿಂದ ಕಳಿಸ್ತೀನಿ. ನೀವು ನೋಡಿ ಹೇಳೋವರೆಗೂ ನಾನು ಚಾಕು ಮುಟ್ಟಲ್ಲ."

ಮಧ್ಯಾಹ್ನ ನಾದಿನಿ ಬಂದಳು. "ಜಾಗ ಖಾಲಿಯಾಯ್ತು ಅತ್ತಿಗೆ. ಪತ್ರ ಕೊಟ್ರಾ?"

"ಕೊಟ್ಟೆ."

"ಯಾರಿಗೆ?"

"ಸ್ಟೂಲಿಗೆ."

ನಾದಿನಿ ಬಗ್ಗಿ ನೋಡಿದಳು. ಗಿಡ್ಡ ಕಾಲಿನ ಕೆಳಗೆ ನಾಲ್ಕು ಮಡಿಕೆಯ ಕಾಗದ. ಸ್ಟೂಲು ಅಲುಗಾಡುತ್ತಿರಲಿಲ್ಲ.

"ನಿಮಗೇನು ತಲೆ ಕೆಟ್ಟಿದೆಯಾ? ಫ್ಯಾನು, ಕುರ್ಚಿ..."

"ಆ ಕುರ್ಚಿ ತಿರುಗುತ್ತಾ?"

"ಅಯ್ಯೋ, ಅದ್ಯಾಕೆ? ಸಾಹೇಬ್ರಿಗೆ ನಾನೇನು ಹೇಳ್ಲಿ? ಅತ್ತಿಗೆ, ನಾನು ಮಾತಾಡ್ತಾ ಇದ್ದೀನಿ..."

ಓಣಿಯ ಆ ತುದಿಯಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ಬರುತ್ತಿದ್ದಳು, ಬಲಗಾಲು ಒಂದಿಷ್ಟು ಹೊರಕ್ಕೆ ಎಸೆಯುತ್ತಾ. ಚಕ್ರದಕ್ಕನ ಕಣ್ಣು ಆಗಲೇ ಆ ಹೆಜ್ಜೆಯ ಮೇಲಿತ್ತು. ಟ್ರಾಲಿಯನ್ನು ಮುಂದಕ್ಕೆ ತಳ್ಳಿದಳು.

ಕಿರ್‍ರ್... ಕಿರ್‍ರ್... ಕಿಚ್!