ಎಗರೋ ಮಂಚ ಗಟ್ಟಿ ಇದೆಯಾ?

ಮೀಸೆ ಬಂದ ಗಂಡಸೊಬ್ಬ ಪಂಚೆ ಎತ್ತಿ ಕಟ್ಟಿಕೊಂಡು, ನೆಂಟರಿಷ್ಟರೆಲ್ಲರ ಎದುರು ಆಕಾಶಕ್ಕೆ ಹಾರಿ ಹಾರಿ ಬೀಳುವುದನ್ನು ನೀವು ನೋಡಿದ್ದೀರಾ?

ನಾನು ನೋಡಿದೆ. ಅವನು ಹಾರುತ್ತಿದ್ದದ್ದು ಖುಷಿಗಲ್ಲ. ನನ್ನ ಮಾತು ಸುಳ್ಳು ಅಂತ ತೋರಿಸಲಿಕ್ಕೆ.

ಅವನು ಮಂಜು, ನನ್ನ ಚಿಕ್ಕಮ್ಮನ ಮಗ. ರಾಯಲ್ಪಾಡಿನ ಹತ್ತಿರ ಮಾವಿನ ತೋಟ, ಒಂದಿಷ್ಟು ಟೊಮೆಟೊ, ಒಂದು ಗೂಡ್ಸ್ ಗಾಡಿ. ಮಗಳು ಧನ್ಯಾ ಯಾವುದೋ ಮಾಲ್‌ನಲ್ಲಿ ಟ್ರ್ಯಾಂಪೊಲೀನ್ ನೋಡಿ ಬಂದಾಗಿನಿಂದ ಅದೇ ಜಪ ಮಾಡುತ್ತಿದ್ದಳು. ಮಾಲೂರಿನಲ್ಲಿ ಮಕ್ಕಳ ಆಟದ ಜಾಗವೊಂದು ಬಾಗಿಲು ಹಾಕಿತು. ಮಂಜು ಹೋಗಿ ಅಲ್ಲಿದ್ದ ದೊಡ್ಡ ಟ್ರ್ಯಾಂಪೊಲೀನನ್ನೇ ಬಿಚ್ಚಿಸಿ, ಟೊಮೆಟೊ ಕ್ರೇಟು ಹೇರುವ ಗಾಡಿಯಲ್ಲಿ ಹೇರಿಕೊಂಡು ಬಂದ. ಧನ್ಯಾಳ ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್!

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಬ್ಬಿಣದ ದೊಡ್ಡ ಬಳೆ. ಅದಕ್ಕೆ ಕಾಲುಗಳು. ಬಳೆಯ ಸುತ್ತ ಸ್ಪ್ರಿಂಗು, ನಡುವೆ ಬಿಗಿದ ಕರೀ ಬಟ್ಟೆ. ಮಕ್ಕಳು ಆಚೆ ಬೀಳದಂತೆ ಸುತ್ತಲೂ ಎತ್ತರಕ್ಕೆ ಬಲೆ. ಚಿಕ್ಕಮ್ಮ ಅದಕ್ಕೆ ಮೊದಲ ದಿನವೇ ನಾಮಕರಣ ಮಾಡಿದ್ದರು: ಎಗರೋ ಮಂಚ. (ನನಗೂ ಈ ಹೆಸರೇ ಇಷ್ಟ. ಬರೆಯಲು ಸುಲಭ.)

ಹುಟ್ಟುಹಬ್ಬದ ಭಾನುವಾರ ನಾನು ಕೋಲಾರದಿಂದ ಹೋಗುವ ಹೊತ್ತಿಗೆ ಮಕ್ಕಳು ಬಲೆಯ ಬಾಗಿಲಲ್ಲಿ ನೂಕಾಡುತ್ತಿದ್ದರು. ಮಂಜು ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋದ.

"ಹೆಂಗಿದೆ ನೋಡಕ್ಕ! ಗಟ್ಟಿ ಇದೆಯಾ ಹೇಳು."

ನೋಡಿದೆ. ನೋಡಬಾರದಿತ್ತೇನೋ. ಮನೆಯ ಹಿಂದಿನ ಆ ಜಾಗ ತೋಟದ ಕಡೆಗೆ ಇಳಿಜಾರು. ಮಟ್ಟ ಬರಲಿ ಎಂದು ಒಂದು ಬದಿಯ ಕಾಲಿನ ಕೆಳಗೆ ಚಪ್ಪಡಿ ಕಲ್ಲು ಇಟ್ಟಿದ್ದ. ಬಳೆಯ ಮೇಲೆ ಕೈಯಿಟ್ಟು ಒತ್ತಿದೆ. ಕಲ್ಲಿನ ಮೇಲಿನ ಕಾಲು 'ಟಕ್' ಎಂದಿತು.

"ಮಂಜು, ಇದು ಅಲ್ಲಾಡ್ತಿದೆ ಕಣೋ. ಮಕ್ಕಳು ಸೇರಿ ಹಾರಿದ್ರೆ ಕಾಲು ಕಲ್ಲಿನಿಂದ ಜಾರುತ್ತೆ."

"ಏನಕ್ಕಾ ನೀನು! ನೆನ್ನೆಯಿಂದ ಎಗರ್ತಾವ್ರೆ. ಏನಾಯ್ತು?"

"ಆಗೋವರೆಗೂ ಕಾಯ್ಬೇಕಾ?"

ಅಷ್ಟೇ. ಜಗುಲಿಯ ಮೇಲೆ ಕೂತಿದ್ದ ಚಿಕ್ಕಮ್ಮನ ಕಿವಿಗೆ ಬಿತ್ತು. "ಬಿಡ್ತು ಅನ್ನಮ್ಮಾ! ಹುಟ್ಟಿದಬ್ಬದ ದಿನ ಅದೇನು ಮಾತು? ಮಕ್ಕಳು ಎಗರ್ತಾವೆ, ಇಳೀತಾವೆ. ಅಂತೇ ಕದಾ, ಅಷ್ಟೇ ತಾನೇ!"

ನೆಂಟರೆಲ್ಲ ನನ್ನ ಕಡೆ ತಿರುಗಿದರು. ಒಬ್ಬರು ಬಳೆಯನ್ನು ತಟ್ಟಿ ನೋಡಿ "ಒಳ್ಳೇ ಐರನ್ನು" ಎಂದರು. ಇನ್ನೊಬ್ಬರು ಕಾಲಿಗೆ ಚಪ್ಪಲಿಯಲ್ಲಿ ಒದ್ದು "ಏನೂ ಆಗಲ್ಲ" ಎಂದರು. ಗಮನಿಸಿದ್ದೀರಾ? ಹಳೇ ಬೈಕಿರಲಿ, ಹೊಸ ಮನೆಯ ಗೋಡೆಯಿರಲಿ, ನಮ್ಮ ಪರೀಕ್ಷೆ ಇಷ್ಟೇ: ತಟ್ಟುವುದು, ಒದೆಯುವುದು, ಏನೂ ಆಗಲ್ಲ ಎನ್ನುವುದು.

ಆಗಲೇ ಮಂಜು ಪಂಚೆ ಎತ್ತಿ ಕಟ್ಟಿದ್ದು. "ನನ್ನ ತೂಕ ತಡೆದ್ರೆ ಈ ಚಿಲ್ಟಾರಿಗಳ ತೂಕ ತಡೆಯಲ್ವಾ?" ಮಕ್ಕಳನ್ನು ಇಳಿಸಿದ, ತಾನು ಹತ್ತಿದ, ಹಾರಿದ. ಮಕ್ಕಳು ಕುಣಿದು ಕುಪ್ಪಳಿಸಿದರು. ಧನ್ಯಾ ಅಪ್ಪನ ವಿಡಿಯೊ ಮಾಡಿದಳು. ಕಾಲು ಜಾರಲಿಲ್ಲ, ಕಲ್ಲು ಕದಲಲಿಲ್ಲ. ಇಳಿದು ಬಂದವನು ನನ್ನ ಮುಂದೆ ಕೈ ಕಟ್ಟಿ ನಿಂತು, "ಪಾಸಾ, ಫೇಲಾ ಮೇಡಂ?" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ದಾರಿ ಇತ್ತೇ?

ಒಂದು ಮಾತು ಮಾತ್ರ ಹೇಳದೆ ಉಳಿಯಿತು. ಮಂಜು ನಟ್ಟನಡುವೆ ನಿಂತು, ಒಬ್ಬನೇ ಹಾರಿದ್ದ. ಮಕ್ಕಳು ಹಾಗೆ ಹಾರುತ್ತಾರೆಯೇ? ಗುಂಪಾಗಿ ಹತ್ತಿ, ಒಂದೇ ಅಂಚಿಗೆ ಒತ್ತರಿಸಿಕೊಂಡು, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅಪ್ಪ ಪಾಸಾದ ಪರೀಕ್ಷೆಯೇ ಬೇರೆ, ಮಕ್ಕಳು ಬರೆಯುತ್ತಿದ್ದ ಪರೀಕ್ಷೆಯೇ ಬೇರೆ. "ಒಬ್ಬೊಬ್ಬರೇ ಹತ್ರೋ" ಎಂದು ಹೇಳಿ ನೋಡಿದೆ. ಒಂದು ಸರದಿ ಕೇಳಿದರು. ಆಮೇಲೆ ಮತ್ತೆ ಸಂತೆ.

ಬಿಸಿಲು ಏರಿತು. ಕರೀ ಬಟ್ಟೆ ಕಾದು ಮಕ್ಕಳ ಅಂಗಾಲು ಸುಡತೊಡಗಿದಾಗ ಮಂಜು ಟೊಮೆಟೊ ಸಸಿಗೆ ನೆರಳು ಕಟ್ಟುವ ಹಸಿರು ಪರದೆ ತಂದು, ಬಲೆಯ ಸುತ್ತ ಮೇಲಿನಿಂದ ಕೆಳಗಿನವರೆಗೆ ಬಿಗಿದು ಕಟ್ಟಿದ. ಒಳಗೆ ತಂಪಾಯಿತು. "ಇದೊಂದು ಒಳ್ಳೇ ಕೆಲಸ ಮಾಡಿದೆ ನೋಡು" ಎಂದೆ. ಮನಸಾರೆ ಹೇಳಿದೆ. ಮಂಜುವಿನ ಮುಖ ಅರಳಿತು.

ಊಟವಾದ ಮೇಲೆ ಕೈ ತೊಳೆಯಲು ಹಿತ್ತಲ ನಲ್ಲಿಯ ಹತ್ತಿರ ಹೋದೆ. ಮಂಜುವಿನ ಹೆಂಡತಿ ರೇಖಾ ಪಾತ್ರೆ ಜೋಡಿಸುತ್ತಿದ್ದಳು. ಆಚೀಚೆ ನೋಡಿ ಪಿಸುಗುಟ್ಟಿದಳು.

"ಅಕ್ಕ, ನೀವು ಹೇಳಿದ್ದು ಸರಿ. ನೆನ್ನೆ ಮಂಚ ಕಟ್ಟುವಾಗ ಒಂದಷ್ಟು ಬೋಲ್ಟು ಮಿಕ್ಕೋಯ್ತು."

"ಮತ್ತೆ ಮಂಜುಗೆ ಹೇಳ್ಬಾರ್ದಾ?"

"ಹೆಂಗೆ ಹೇಳ್ಲಿ? ಮಗಳಿಗೆ ಅಂತ ಆಸೆಯಿಂದ ಹೊತ್ಕೊಂಡು ಬಂದವ್ರೆ. ನಾನು ಬಾಯಿ ಬಿಟ್ರೆ, ನಿಂಗೆ ಎಲ್ಲದರಲ್ಲೂ ಭಯ ಅಂತಾರೆ." ಕೈ ಒರೆಸಿಕೊಂಡಳು. "ಇರಿ, ಏನೋ ಒಂದು ಮಾಡ್ತೀನಿ."

ಏನು ಮಾಡಿದಳು ಗೊತ್ತೇ? ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದಳು. "ಮಕ್ಕಳೇ, ಐಸ್‌ಕ್ರೀಮ್ ಕರಗ್ತೈತೆ! ಕೇಕ್ ಈಗ್ಲೇ ಕಟ್ ಮಾಡೋದು!"

ಸಂಜೆ ಕತ್ತರಿಸಬೇಕಿದ್ದ ಕೇಕು. ಐಸ್‌ಕ್ರೀಮ್ ಇನ್ನೂ ಫ್ರಿಜ್ಜಿನಲ್ಲಿ ಕಲ್ಲಿನಂತಿತ್ತು. ಆದರೆ ಎಗರೋ ಮಂಚ ಕ್ಷಣದಲ್ಲಿ ಖಾಲಿ. ನಮ್ಮ ಮನೆಗಳಲ್ಲಿ ಎಚ್ಚರಿಕೆ ಎನ್ನುವುದು ಮುಂಬಾಗಿಲಿನಿಂದ ಬಂದರೆ ಜಗಳ. ಹೀಗೆ ಐಸ್‌ಕ್ರೀಮಿನ ವೇಷ ಹಾಕಿಕೊಂಡೇ ಬರಬೇಕು.

ನಡುಮನೆಯಲ್ಲಿ ಮೇಣದ ಬತ್ತಿ ಹಚ್ಚಿದರು. ಪಕ್ಕದ ಮನೆಯ ಶಬಾನಾ ನನ್ನ ಹತ್ತಿರವೇ ನಿಂತಿದ್ದರು. ಅವರ ಮನೆಯವರು ಮಾವಿನ ವ್ಯಾಪಾರಿಗಳು, ಮಂಜುವಿನ ಹಣ್ಣೆಲ್ಲ ಅವರಿಗೇ ಹೋಗುವುದು. ಶಬಾನಾ ಸುತ್ತ ನೋಡಿ, "ನಮ್ಮ ಅಫ್ರೀನ್ ಎಲ್ಲಿ?" ಎಂದರು.

ಅಫ್ರೀನ್ ಇನ್ನೂ ಅಂಗನವಾಡಿಗೆ ಹೋಗುವ ಕೂಸು. ಬೆಳಗಿನಿಂದ ದೊಡ್ಡ ಮಕ್ಕಳ ಸಂದಿಯಲ್ಲಿ ಅವಳಿಗೆ ಸರಿಯಾಗಿ ಹಾರಲು ಜಾಗವೇ ಸಿಕ್ಕಿರಲಿಲ್ಲ. ಎಲ್ಲರೂ ಇಳಿದ ಮೇಲೆ ಅವಳು ಮತ್ತೆ ಹತ್ತಿದ್ದಳು. ಈಗ ಇಡೀ ಮಂಚ ಅವಳೊಬ್ಬಳದೇ. ಕೇಕ್ ಯಾರಿಗೆ ಬೇಕು?

ಮೊದಲು ಓಡಿದವಳು ರೇಖಾ. ಹಿಂದೆ ಶಬಾನಾ. ಅವರ ಹಿಂದೆ ನಾನು, ಕೈಯಲ್ಲಿ ಪೇಪರ್ ಪ್ಲೇಟು ಹಿಡಿದುಕೊಂಡೇ.

ಅಷ್ಟರಲ್ಲಿ ಗಾಳಿ ಎದ್ದಿತು. ಮಾವಿನ ಕಾಲದಲ್ಲಿ ನಮ್ಮ ಕಡೆ ಏಳುವ ಗಾಳಿ ನಿಮಗೆ ಗೊತ್ತು. ಬರುವ ಮುಂಚೆ ಹೇಳುವುದಿಲ್ಲ, ಬಂದರೆ ಕೊಂಬೆಯಲ್ಲಿ ಕಾಯಿ ಬಿಡುವುದಿಲ್ಲ. ಮಂಜುವೂ ಹೊರಗೆ ಬಂದ. ಅವನ ಕಣ್ಣು ಹೋದದ್ದು ಮರಗಳ ಕಡೆಗೆ. ತಪ್ಪೇನಿಲ್ಲ, ಬದುಕು ಅಲ್ಲಿ ನೇತಾಡುತ್ತಿತ್ತು.

ಹಸಿರು ಪರದೆ ಹೊಟ್ಟೆ ಉಬ್ಬಿಸಿತು. ಎಗರೋ ಮಂಚದ ಒಂದು ಬದಿ ನೆಲ ಬಿಟ್ಟಿತು. ಕಲ್ಲಿನ ಮೇಲಿನ ಕಾಲಲ್ಲ, ಮಣ್ಣಿನ ಮೇಲೆ ಭದ್ರವಾಗಿ ಕೂತಂತಿದ್ದ ಕಾಲು! ಎದ್ದಿತು, ಒಮ್ಮೆ ಕೆಳಗೆ ಕೂತಿತು. ಆ ಒಂದು ಗಳಿಗೆಯಲ್ಲಿ ರೇಖಾ ಬಲೆಯ ಬಾಗಿಲಲ್ಲಿ ಅರ್ಧ ಮೈ ತೂರಿಸಿ, ಅಫ್ರೀನಳ ಫ್ರಾಕು ಸಿಕ್ಕಿದಲ್ಲಿ ಹಿಡಿದು ಎಳೆದಳು. ಇಬ್ಬರೂ ಮಣ್ಣಿಗೆ ಬಿದ್ದರು.

ಮುಂದಿನ ಬೀಸಿಗೆ ಇಡೀ ಮಂಚ ಎದ್ದು, ಅವರ ಆಚೆ ಮಗುಚಿ, ಚಕ್ರದ ಹಾಗೆ ಉರುಳಿಕೊಂಡು ಹೋಗಿ ಮೊದಲ ಮಾವಿನ ಮರಕ್ಕೆ ಬಡಿಯಿತು. ಬಳೆ ಮಡಚಿಕೊಂಡಿತು. ಕಾಯಿ ಉದುರಿದವು.

ಶಬಾನಾ ಮಗಳನ್ನು ಎತ್ತಿಕೊಂಡು, ಅವಳ ಬೆನ್ನಿಗೆ ಎರಡು ಬಡಿದು, "ಕೈಕು ಗಯೀ ಗೇ ಉಧರ್!" ಎಂದು, ಅಲ್ಲಿಗೇಕೆ ಹೋದೆ ಎಂದು ಬೈದು, ತಾವೇ ಅತ್ತರು. ಅಫ್ರೀನಳಿಗೆ ಒಂದು ಗೀರೂ ಇರಲಿಲ್ಲ. ರೇಖಾಳ ಮೊಣಕೈ ತರಚಿ ರಕ್ತ ಬರುತ್ತಿತ್ತು.

ಮಂಜು ಹೋಗಿ ಮಡಚಿದ ಬಳೆಯನ್ನು ಮುಟ್ಟಿ ನೋಡಿದ. ಆಮೇಲೆ ನನ್ನ ಹತ್ತಿರ ಬಂದು, "ಅಕ್ಕ, ನೀನು ಹೇಳಿದಂಗೇ ಆಯ್ತು" ಎಂದ.

ಇಲ್ಲ, ನಾನು ಹೇಳಿದ ಹಾಗೆ ಆಗಲಿಲ್ಲ. ನಾನು ಹೇಳಿದ್ದು ಕಲ್ಲಿನ ಮೇಲಿನ ಕಾಲಿನ ಬಗ್ಗೆ. ಗಾಳಿ ನನಗೆ ಹೊಳೆದೇ ಇರಲಿಲ್ಲ. ನೆಲಕ್ಕೆ ಗೂಟ ಹೊಡೆದು ಕಟ್ಟಿಲ್ಲ ಎನ್ನುವುದನ್ನು ನಾನು ನೋಡಿರಲಿಲ್ಲ. ಗಾಳಿಗೆ ಹಾಯಿ ಕಟ್ಟಿಕೊಟ್ಟ ಪರದೆಯನ್ನು ಹೊಗಳಿದ್ದೆ. ಇದನ್ನೆಲ್ಲ ಅಲ್ಲೇ ಬಿಡಿಸಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ನೆಂಟರ ಪಾಲಿಗೆ ನಾನು ಬುದ್ಧಿವಂತೆ. ಉಳಿದರ್ಧದ ಪಾಲಿಗೆ (ಚಿಕ್ಕಮ್ಮ ಈ ಗುಂಪಿನ ಮುಖ್ಯಸ್ಥರು) ನನ್ನ ಬಾಯಿಯೇ ಸರಿಯಿಲ್ಲ. ಎರಡೂ ತಪ್ಪು ಎಂದರೆ ಒಪ್ಪುವವರು ಯಾರು?

ಮೊನ್ನೆ ಮಂಜು ಫೋನ್ ಮಾಡಿದ್ದ. ಬಳೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ನೆಟ್ಟಗೆ ಮಾಡಿಸಿದ್ದಾನೆ. ಜಾಗ ಮಟ್ಟ ಮಾಡಿದ್ದಾನೆ. ಪ್ರತಿ ಕಾಲಿಗೂ ಗೂಟ, ಹಗ್ಗ. ಪರದೆ ಮತ್ತೆ ಟೊಮೆಟೊ ಸಸಿಗೆ ಹೋಗಿದೆ. ಗಾಳಿ ಏಳುವ ಸೂಚನೆ ಕಂಡರೆ ಬಲೆ ಬಿಚ್ಚುತ್ತಾನಂತೆ. ಮಕ್ಕಳು ಒಬ್ಬೊಬ್ಬರೇ ಹತ್ತಬೇಕಂತೆ. ದನಿಯಲ್ಲಿ ಹುರುಪಿತ್ತು.

"ಈ ಸಲ ಸೂಪರಾಗಿ ಕೂತೈತೆ ಅಕ್ಕ. ನೀನು ಒಂದು ಸಲ ಬಂದು ನೋಡಿ, ಗಟ್ಟಿ ಇದೆ ಅಂತ ಹೇಳಿಬಿಡು. ಆಮೇಲೇ ಮಕ್ಕಳನ್ನ ಹತ್ತಿಸ್ತೀನಿ."

ಹೋಗಬಹುದು. ಕೋಲಾರದಿಂದ ರಾಯಲ್ಪಾಡೇನು ಪರದೇಶವಲ್ಲ.

ಆದರೆ ಇದನ್ನು ನೋಡಿ ಹೇಳಲು ಅಲ್ಲಿಯವರೆಗೆ ನಾನೇಕೆ ಹೋಗಬೇಕು? ಅದೇ ಮನೆಯಲ್ಲಿರುವ ರೇಖಾಳನ್ನು ಯಾರಾದರೂ ಕೇಳಿದರೇ?